ಐಟಿ ಮೇಳಕ್ಕೆ ಒಂದು ಪ್ಯಾರಾ ಕನ್ನಡ ಹೊತ್ತುಕೊಂಡು ಹೋದದ್ದು

ಅಡಿಕೆ ತೋಟದ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುವವರಿಗೆ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಏನು ಕೆಲಸ ಎಂದು ತೀರ್ಥಹಳ್ಳಿಯಲ್ಲಿ ಕೇಳಿದವರಿದ್ದಾರೆ. ಪ್ರಶ್ನೆ ಸಹಜವೇ. 1998ರಲ್ಲಿ ಬೆಂಗಳೂರು ಐಟಿ ಡಾಟ್ ಕಾಮ್ ಎಂಬ ಹೆಸರಿನಲ್ಲಿ ಶುರುವಾದ ಈ ಮೇಳದಲ್ಲಿ ಎದುರಿಗೆ ಕಾಣುವುದೆಲ್ಲ ದೊಡ್ಡ ಕಂಪನಿಗಳ, ಹೊರದೇಶಗಳ ಮಳಿಗೆಗಳು. ಅಲ್ಲಿ ಚೀಲ, ಪೆನ್ನು, ಕಾಫಿ ಸಿಗುತ್ತವೆ. ನಮ್ಮ ಕೆಲಸಕ್ಕೆ ಬರುವುದು ಕಡಿಮೆ. ಹಿಂದಿನ ಸಾಲುಗಳಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಕುಳಿತ ನವೋದ್ಯಮಗಳಿವೆಯಲ್ಲ, ನನ್ನ ಮೇಳ ಅಲ್ಲಿಂದ ಆರಂಭ. ಅರಮನೆ ಮೈದಾನದಲ್ಲಿ ಮೇಳ ನಡೆಯುತ್ತಿದ್ದಾಗ ಕೊನೆಯ ದಿನದ ಮಧ್ಯಾಹ್ನ ಊಟದ ನಂತರವೇ ಹೋಗುತ್ತಿದ್ದೆ. ಹೂಡಿಕೆದಾರರು ಹೊರಟುಹೋಗಿರುತ್ತಾರೆ, ಮಳಿಗೆಯವರಿಗೆ ಬೇಸರ ಬಂದಿರುತ್ತದೆ, ಮಾತಿಗೆ ಬಿಡುವಿರುತ್ತದೆ.

ಜೊತೆಗೆ ಒಯ್ಯುವುದು ಒಂದು ಪ್ಯಾರಾ ಮಾತ್ರ. ಮೊಬೈಲಿನಲ್ಲೂ ಪೆನ್‌ಡ್ರೈವ್‌ನಲ್ಲೂ ಇರುತ್ತದೆ. ಅರ್ಥದ ಕಡೆ ನೋಡಿದರೆ ಅದೊಂದು ವಿಚಿತ್ರ ಬರಹ: "ಸ್ತ್ರೀಶಕ್ತಿ ಸಂಘದ ರ‍್ಯಾಲಿ ಸೂರ್ಯಾಸ್ತಕ್ಕೆ ಮುಗಿಯಿತು; ಸಾಫ್ಟ್‌ವೇರ್‌ನಲ್ಲಿ ಗೊರಬಲು ದರ ಬಂದಿಲ್ಲ; ೨೦೧೯ರ ಮಳೆಗೆ ಕೊಳೆರೋಗ ಹೆಚ್ಚಿತು." ಗೊರಬಲು ಅಡಿಕೆಯ ಒಂದು ದರ್ಜೆ, ಕೊಳೆರೋಗ ಮಳೆಗಾಲದಲ್ಲಿ ಅಡಿಕೆಗೆ ಬರುವ ರೋಗ. ಇದರಲ್ಲಿ ಕನ್ನಡ ಲಿಪಿ ಎಡವುವ ಜಾಗಗಳನ್ನೆಲ್ಲ ಬೇಕೆಂದೇ ತುಂಬಿದ್ದೇನೆ. 'ಸ್ತ್ರೀ'ಯಲ್ಲಿ ಒತ್ತಿನ ಕೆಳಗೆ ಒತ್ತು. 'ಸೂರ್ಯ'ದಲ್ಲಿ ಅರ್ಕಾವತ್ತು, 'ರ‍್ಯಾಲಿ'ಯಲ್ಲಿ ಅದೇ ರ-ಯ ಜೋಡಿ, ಆದರೆ ಅರ್ಕಾವತ್ತು ಕೂಡದು. 'ಸಾಫ್ಟ್‌ವೇರ್' ಎಂಬಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಅಂಟಬಾರದು. ಹೀಗೆ ಬೇರ್ಪಡಿಸಲು, ಗಣಕಗಳು ಎಲ್ಲ ಭಾಷೆಗಳ ಅಕ್ಷರಗಳಿಗೂ ಬಳಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಗುರುತುಗಳಿವೆ. ಅನೇಕ ಸಾಧನಗಳು ಇವನ್ನು ಕಸವೆಂದು ಗುಡಿಸಿ ಹಾಕುತ್ತವೆ. ಪ್ಯಾರಾ ಅಂಟಿಸಿ, ಉಳಿಸಿ, ಮತ್ತೆ ತೆರೆದು ನೋಡಿದರೆ ಮಳಿಗೆಯ ಹಣೆಬರಹ ಗೊತ್ತಾಗುತ್ತದೆ. "ಹನ್ನೆರಡು ಭಾರತೀಯ ಭಾಷೆಗಳಿಗೆ ಬೆಂಬಲ" ಎಂದು ಬ್ಯಾನರ್ ಹಾಕಿದ್ದ ಒಬ್ಬರ ಬಳಿ 'ಸಾಫ್ಟ್ವೇರ್' ಎಂದು ಬಂತು. ತೋರಿಸಿದೆ. "ಓದಿದರೆ ಅರ್ಥವಾಗುತ್ತದಲ್ಲ ಸರ್" ಎಂದರು. ಮುಂದಿನ ಮೇಜಿಗೆ ನಡೆದೆ.

ನನಗೆ ತುರ್ತಾಗಿ ಬೇಕಾಗಿದ್ದದ್ದು 'ನುಡಿ' ಎಂಬ ಕನ್ನಡ ಬರಹದ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಸಾಧನ. ಸಹಕಾರ ಸಂಘದ ಪತ್ರಿಕೆಗೆ ಹಿಂದೆ ಟೈಪ್ ಮಾಡಿದ ಲೇಖನಗಳೆಲ್ಲ ಆ ಹಳೆಯ ಫಾಂಟಿನಲ್ಲೇ ಇದ್ದವು. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಕಷ್ಟವಿರುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಮೊದಲು ಬರಬೇಕು. ಈ ಸ್ಥಾನಪಲ್ಲಟ ಮಾಡದ ಪರಿವರ್ತಕ 'ಧರ್ಮ'ವನ್ನು 'ಧಮರ್' ಮಾಡುತ್ತದೆ, 'ಸೂರ್ಯ'ನನ್ನು 'ಸೂಯರ್'. ಒಂದು ಪುಟ್ಟ ಮಳಿಗೆಯಲ್ಲಿ ಇಬ್ಬರು ಹುಡುಗರು ಕಡತಗಳನ್ನು ಗೊಂಚಲಾಗಿ ಬದಲಿಸಿ, ಅನುಮಾನವಿರುವ ಪದಗಳಿಗೆ ಹಳದಿ ಬಣ್ಣ ಬಳಿದು ಕೊಡುತ್ತಿದ್ದರು. ಆ ಹಳದಿಯೇ ನನ್ನನ್ನು ಒಪ್ಪಿಸಿತು. ತಪ್ಪೇ ಇಲ್ಲ ಎನ್ನುವ ಸಾಧನಕ್ಕಿಂತ ಎಲ್ಲಿ ತಪ್ಪಿರಬಹುದು ಎಂದು ತೋರಿಸುವ ಸಾಧನ ವಾಸಿ.

ಧ್ವನಿಯನ್ನು ಬರಹಕ್ಕಿಳಿಸುವ ಮಳಿಗೆಯಲ್ಲಿ ಹೆಚ್ಚು ಹೊತ್ತು ಕಳೆದೆ. 2022ರಲ್ಲಿ ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆ 'ಭಾಷಿಣಿ' ಆರಂಭವಾದ ಮೇಲೆ ಇಂಥವುಗಳ ಮಾತು ಹೆಚ್ಚಾಗಿದೆ. ಅಲ್ಲಿದ್ದ ಹುಡುಗಿ ಹಾವೇರಿ ಕಡೆಯವಳು. "ನಿಧಾನವಾಗಿ ಹೇಳಿ ಸರ್" ಎಂದಳು. "ನಾನು ಅಡಿಕೆ ಕೊನೆ ಕೊಯ್ಯುವ ಕೊನೆಗಾರರ ಜೊತೆ ಮಾತಾಡುವ ವೇಗದಲ್ಲೇ ಹೇಳುತ್ತೇನೆ" ಎಂದು ಶುರುಮಾಡಿದೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅದು ಕೊಳೆರೋಗಕ್ಕೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣ. ಅಂಕಿಗಳು ಸರಿಯಾಗಿ ಬಂದವು. ನಿಜಕ್ಕೂ ಹೆದರಿಕೆಯಿದ್ದದ್ದು ಅದರಲ್ಲೇ, ಏಕೆಂದರೆ ಪ್ರಮಾಣ ತಪ್ಪಿದ ಬರಹವನ್ನು ಯಾರೋ ನಂಬಿ ತೋಟಕ್ಕೆ ಹೊಡೆದಾರು. 'ಮೈಲುತುತ್ತ' ಮಾತ್ರ 'ಮೈಲು ತುತ್ತು' ಆಯಿತು. ಆಮೇಲೆ ಅಡಿಕೆಯ ದರ್ಜೆಗಳನ್ನೂ ಹೇಳಿದೆ. 'ಗೊರಬಲು' ಎರಡು ತುಂಡಾಯಿತು. ರಾಶಿ, ಬೆಟ್ಟೆ, ಸರಕು ಬದುಕಿಕೊಂಡವು, ಬೇರೆ ಅರ್ಥಗಳೂ ಇರುವ ಪದಗಳಲ್ಲವೇ. "ನಿಮ್ಮ ಪದಗಳ ಪಟ್ಟಿ ಕೊಟ್ಟರೆ ಸೇರಿಸಬಹುದು" ಎಂದಳು. ಅಲ್ಲೇ ಚೀಟಿಯೊಂದರ ಮೇಲೆ ಬರೆದುಕೊಟ್ಟೆ. ಈಗ ತೋಟದಲ್ಲಿ ಅಡ್ಡಾಡುತ್ತ ಮೊದಲ ಕರಡನ್ನು ಹೇಳಿಯೇ ಮುಗಿಸುತ್ತೇನೆ. ತಿದ್ದುವುದು ಮನೆಗೆ ಬಂದ ಮೇಲೆ, ಪ್ರಮಾಣಗಳನ್ನು ಎರಡು ಸಲ ನೋಡಿ.

ಓದುಗರಿಗೆ ಎಸ್ಸೆಮ್ಮೆಸ್ ಕಳಿಸಿಕೊಡುತ್ತೇವೆ ಎಂದವರ ಬಳಿ ಹೆಚ್ಚು ನಿಲ್ಲಲಿಲ್ಲ. ಇಂಗ್ಲಿಷ್ ಸಂದೇಶದಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70, ಅದರಲ್ಲೂ ಕಾಗುಣಿತದ ಗುರುತುಗಳಿಗೆ ಬೇರೆ ಲೆಕ್ಕ. ಒಂದು ಶೀರ್ಷಿಕೆ, ಒಂದು ಕೊಂಡಿ ಎನ್ನುವಷ್ಟರಲ್ಲಿ ಎರಡು ಸಂದೇಶದ ದುಡ್ಡು.

ಕೊಂಡಿ ಎಂದಾಗ ಇನ್ನೊಂದು ಮಾತು. ಲೇಖನದ ವಿಳಾಸವೂ ಕನ್ನಡದಲ್ಲೇ ಇರಲಿ ಎಂಬ ಆಸೆ ನನಗೂ ಇತ್ತು. ವೆಬ್‌ಸೈಟ್ ಕಟ್ಟಿಕೊಡುವ ಸಂಸ್ಥೆಯ ಎಂಜಿನಿಯರ್ ಒಬ್ಬರು ಕಾಗದದ ಮೇಲೆ ಬಿಡಿಸಿ ತೋರಿಸಿದರು. 'ಅಡಿಕೆ' ನಮಗೆ ಮೂರು ಅಕ್ಷರ. ಯಂತ್ರಕ್ಕೆ ಅ, ಡ, ಗುಡಿಸು, ಕ, ಎತ್ವ ಎಂದು ಐದು. ಒಂದೊಂದಕ್ಕೂ ಮೂರು ಬೈಟ್, ಒಂದೊಂದು ಬೈಟ್ ವಿಳಾಸದಲ್ಲಿ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರ. ಹೀಗೆ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದಾಗ 'ಅಡಿಕೆ'ಯೊಂದೇ 45 ಅಕ್ಷರದ ಬಾಲವಾಗಬಹುದು. ಶೀರ್ಷಿಕೆ ಕನ್ನಡದಲ್ಲಿಟ್ಟು, ವಿಳಾಸಕ್ಕೆ ಚಿಕ್ಕ ಇಂಗ್ಲಿಷ್ ಲಿಪಿಯ ಪದ ಕೊಡಿ ಎಂದರು. ಅಭಿಮಾನಕ್ಕೆ ಸ್ವಲ್ಪ ಪೆಟ್ಟಾಯಿತು, ಹಾಗೆಯೇ ಮಾಡಿದೆ.

ಅದೇ ಮಹಾಶಯರು ಖರ್ಚಿನ ಪಟ್ಟಿಯಲ್ಲಿ ತಾಣದ ಸುರಕ್ಷತಾ ಪ್ರಮಾಣಪತ್ರಕ್ಕೆ ವರ್ಷದ ಶುಲ್ಕವೆಂದೂ ಸೇರಿಸಿದ್ದರು. ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ಉಚಿತವಾಗಿ ಕೊಡುತ್ತದಲ್ಲ ಎಂದೆ. ನಕ್ಕರು, ಆ ಸಾಲನ್ನು ಹೊಡೆದುಹಾಕಿದರು. ಆಮೇಲೆ ನಾನು ಎಲ್ಲ ಕಡೆಯೂ ಕೇಳುವ ಪ್ರಶ್ನೆ ಕೇಳಿದೆ: ನಾಳೆ ನಿಮ್ಮನ್ನು ಬಿಟ್ಟು ಹೋಗಬೇಕೆಂದರೆ ನನ್ನ ಲೇಖನ, ಚಿತ್ರ, ಪ್ರತಿಕ್ರಿಯೆಗಳನ್ನು ಹೇಗೆ ಕಟ್ಟಿಕೊಡುತ್ತೀರಿ? ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶವಾದರೆ ಒಂದು ಕಡತವಾಗಿ ಇಳಿಸಿಕೊಳ್ಳಬಹುದು, ಚಿತ್ರಗಳನ್ನು ಬೇರೆಯಾಗಿ ತೆಗೆದಿಡಬೇಕು. ಅವರು ಬರೀ ಮಾತಿಗೆ ಬಿಡದೆ ಅಲ್ಲೇ ನನ್ನ ಪ್ಯಾರಾ ಹಾಕಿದ ಒಂದು ಮಾದರಿ ತಾಣವನ್ನು ಇಳಿಸಿ ನನ್ನ ಪೆನ್‌ಡ್ರೈವ್‌ಗೆ ಹಾಕಿದರು. ಮನೆಗೆ ಬಂದು ಬೇರೆ ಗಣಕದಲ್ಲಿ ತೆರೆದೆ. 'ಸಾಫ್ಟ್‌ವೇರ್' ಸರಿಯಾಗಿತ್ತು, 'ರ‍್ಯಾಲಿ'ಯೂ. ಮುಂದಿನ ವಾರ ಮುಂಗಡ ಕಳಿಸಿದೆ.