ಕಾರ್ಬುರೇಟರ್ ಸೈಜ್: ಕೊಳ್ಳುವ ಮೊದಲು ಈ ಲೆಕ್ಕ ಮಾಡಿ
ಹಳೆ ಜಿಪ್ಸಿಗೋ ಪದ್ಮಿನಿಗೋ ಬೇರೆ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಹಾಕಿಸುವವರು ಮೊದಲು ಇಂಜಿನ್ ಸಿಸಿಯನ್ನು ನೀವು ನಿಜವಾಗಿ ಮುಟ್ಟುವ ಗರಿಷ್ಠ ಆರ್‌ಪಿಎಂನಿಂದ ಗುಣಿಸಿ, 56,600ರಿಂದ ಭಾಗಿಸಿ, ಬಂದದ್ದನ್ನು 0.85ರಿಂದ ಗುಣಿಸಿ. ಬೇಕಾದ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕು ಎಂಬುದು ಸಿಗುತ್ತದೆ. 1298 ಸಿಸಿ, 6000 ಆರ್‌ಪಿಎಂ ಅಂದರೆ ಸುಮಾರು 117. ಅಷ್ಟೇ ಸಾಕು! ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಮಾತ್ರ ತನ್ನ ಸಿಸಿಯಷ್ಟು ಗಾಳಿ ಎಳೆಯುತ್ತದೆ, ಅದೂ ಪೂರ್ತಿ ತುಂಬುವುದಿಲ್ಲ. ತೀರಾ ದೊಡ್ಡದು ಹಾಕಿದರೆ ವೆಂಚುರಿಯಲ್ಲಿ (ಕಾರ್ಬುರೇಟರ್ ಒಳಗಿನ ಕಿರಿದಾದ ಗಾಳಿ ದಾರಿ) ಗಾಳಿಯ ವೇಗ ಇಳಿದು ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ. ಚಾರ್ಮಾಡಿ ತಿರುವಿನಲ್ಲಿ ಸೆಕೆಂಡ್ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಒಂದು ಕ್ಷಣ ಮುಗ್ಗರಿಸುವುದು ಇದಕ್ಕೇ. ಎರಡು ಸೈಜ್ ನಡುವೆ ಅನುಮಾನ ಇದ್ದರೆ ರಸ್ತೆ ಗಾಡಿಗೆ ಚಿಕ್ಕದೇ ಒಳ್ಳೆಯದು. ಚಿಕ್ಕಮಗಳೂರು ಸಾವಿರ ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ಸುಮಾರು ಶೇ 10ರಷ್ಟು ತೆಳು, ಅಲ್ವಾ? ಅದಕ್ಕೆ ಸುಮ್ನೆ ಕಾರ್ಬುರೇಟರ್ ಬದಲಿಸಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಒಣ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ ಎಂದರ್ಥ, ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಒಂದು ಸೈಜ್ ಇಳಿಸಿ, ತಿಳಿ ಕಂದು ಇದ್ದರೆ ಮುಟ್ಟಲೇಬೇಡಿ. ಇಳಿಸಿದವರು ಮಂಗಳೂರು ಕಡೆ ಹೋಗುವಾಗ ಹಳೆ ಜೆಟ್ ವಾಪಸ್ ಹಾಕಿ, ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ. ಒಂದೊಂದು ಸಿಲಿಂಡರಿಗೆ ಒಂದೊಂದು ಬಾಯಿ ಇರುವ ವೆಬರ್ ಸೈಡ್‌ಡ್ರಾಫ್ಟ್ ಕಾರ್ಬುರೇಟರ್‌ಗೆ ಈ ಲೆಕ್ಕ ನಡೆಯುವುದಿಲ್ಲ, ಟರ್ಬೋ ಇಂಜಿನ್‌ಗೂ ಅಷ್ಟೇ.