ಯಕ್ಷಗಾನದ ಆಟವನ್ನು ಸಂಕಲಿಸುವಾಗ: ಚಂಡೆಯ ಪೆಟ್ಟು, ಮಿನುಗುವ ಬೆಳಕು, ಒಡೆಯುವ ಒತ್ತಕ್ಷರ

ಶಿವಮೊಗ್ಗದ ವಿನೋಬನಗರದಲ್ಲಿರುವ ನನ್ನ ಸಂಕಲನ ಕೊಠಡಿಗೆ ಮಳೆಗಾಲ ಮುಗಿಯುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬಡಗುತಿಟ್ಟಿನ ಯಕ್ಷಗಾನದ ಆಟಗಳ ಚಿತ್ರೀಕರಣ ಬರತೊಡಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಒಂದು ಒಳ್ಳೆಯ ಕ್ಯಾಮೆರಾದ ದೃಶ್ಯ, ಊರಿನ ಹುಡುಗರು ಮೊಬೈಲಿನಲ್ಲಿ ಹಿಡಿದ ಒಂದೆರಡು ಕೋನಗಳು ಮತ್ತು ಧ್ವನಿವರ್ಧಕದ ಮಿಕ್ಸರಿನಿಂದ ನೇರವಾಗಿ ರೆಕಾರ್ಡರಿಗೆ ತೆಗೆದ ಧ್ವನಿ ಇರುತ್ತವೆ. ಇವೆಲ್ಲವನ್ನೂ ಸಂಕಲನ ತಂತ್ರಾಂಶದ ಟೈಮ್‌ಲೈನಿನಲ್ಲಿ ಕೂಡಿಸಿದರೆ ಮೊದಲ ಪದ್ಯಕ್ಕೆ ಸರಿಯಾಗಿಯೇ ಕೂಡುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಚಂಡೆಯ ಕೋಲು ಬಿದ್ದ ಮೇಲೆ ಪೆಟ್ಟು ಕೇಳಿಸತೊಡಗುತ್ತದೆ.

ಈ ಜಾರುವಿಕೆಗೆ ಒಂದೇ ಕಾರಣವಿಲ್ಲವಾದ್ದರಿಂದ ಯಾವ ಉಪಾಯಕ್ಕೂ ಕೈಹಾಕುವ ಮೊದಲು ನಾನು ಅದನ್ನು ಅಳೆಯುತ್ತೇನೆ. ಆರಂಭದಲ್ಲಿ ಒಂದು, ನಡುವೆ ಒಂದು, ಕೊನೆಯಲ್ಲಿ ಒಂದು ಸ್ಪಷ್ಟವಾದ ಚಂಡೆಯ ಪೆಟ್ಟನ್ನು ಹುಡುಕಿ, ಪ್ರತಿಯೊಂದರಲ್ಲೂ ದೃಶ್ಯಕ್ಕೂ ಧ್ವನಿಗೂ ಎಷ್ಟು ಫ್ರೇಮುಗಳ (ವಿಡಿಯೊದ ಒಂದೊಂದು ಸ್ಥಿರಚಿತ್ರದ) ಅಂತರವಿದೆ ಎಂದು ಬರೆದಿಟ್ಟುಕೊಳ್ಳುತ್ತೇನೆ. ಅಂತರ ಮೂರೂ ಕಡೆ ಒಂದೇ ಆಗಿದ್ದರೆ ಅದು ಜಾರುವಿಕೆಯೇ ಅಲ್ಲ, ಆರಂಭದ ಹೊಂದಿಕೆಯ ದೋಷ. ಸಮನಾಗಿ ಬೆಳೆಯುತ್ತ ಹೋದರೆ ವೇಗದ ವ್ಯತ್ಯಾಸ. ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಿಮೆಯಾಗಿ, ಲೆಕ್ಕಕ್ಕೆ ಸಿಗದೆ ಓಡಾಡಿದರೆ ಮೊಬೈಲಿನ ಬದಲಾಗುವ ಫ್ರೇಮ್ ದರವನ್ನೇ ಮೊದಲು ಅನುಮಾನಿಸಬೇಕು.

ಮೊಬೈಲುಗಳು, ಅದರಲ್ಲೂ ಬೆಳಕು ಕಡಿಮೆ ಇರುವ ರಂಗಸ್ಥಳದೆದುರು, ಸೆಕೆಂಡಿಗೆ ಇಷ್ಟೇ ಫ್ರೇಮು ಎಂಬ ನಿಯಮವನ್ನು ಪಾಲಿಸುವುದಿಲ್ಲ. ಕಡತವನ್ನು ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆದರೆ ಫ್ರೇಮ್ ದರದ ಬಗೆ ‘ವೇರಿಯಬಲ್’ ಎಂದು ಕಾಣುತ್ತದೆ, ಕನಿಷ್ಠ ಮತ್ತು ಗರಿಷ್ಠ ದರಗಳೂ ಪಕ್ಕದಲ್ಲೇ ಇರುತ್ತವೆ. ಇಂತಹ ಕಡತವನ್ನು ಟೈಮ್‌ಲೈನಿಗೆ ತರುವ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತಕ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆಯ್ದು 30ಕ್ಕೆ ಸ್ಥಿರಗೊಳಿಸುತ್ತೇನೆ. ಸಂಕಲನ ಅರ್ಧ ಮುಗಿದ ಮೇಲೆ ಕಡತ ಬದಲಿಸುವುದೆಂದರೆ ಮಾಡಿದ ಕತ್ತರಿಗಳನ್ನೆಲ್ಲ (ಕಟ್‌ಗಳನ್ನೆಲ್ಲ) ಮತ್ತೆ ಪರಿಶೀಲಿಸುವ ದಂಡನೆ.

ಸಮನಾಗಿ ಬೆಳೆಯುವ ಅಂತರದಲ್ಲೂ ಎರಡು ಬಗೆಗಳಿವೆ. ಗಂಟೆಗೆ 3.6 ಸೆಕೆಂಡಿನಷ್ಟು ತಪ್ಪಿದ್ದರೆ 29.97 ಮತ್ತು 30 ದರಗಳು ಎಲ್ಲೋ ಅದಲುಬದಲಾಗಿವೆ ಎಂದು ಕಣ್ಣುಮುಚ್ಚಿ ಹೇಳಬಹುದು. ಕಡತವನ್ನು ಸರಿಯಾದ ದರದಲ್ಲಿ ಅರ್ಥೈಸಿಕೊಳ್ಳುವಂತೆ ತಂತ್ರಾಂಶಕ್ಕೆ ಹೇಳಿದರೆ ಸಾಕು. ಗಂಟೆಗೆ ಮೂರು ನಾಲ್ಕು ಫ್ರೇಮುಗಳಷ್ಟೇ ತಪ್ಪಿದ್ದರೆ ಅದು ಕ್ಯಾಮೆರಾ ಮತ್ತು ರೆಕಾರ್ಡರುಗಳ ಗಡಿಯಾರಗಳ ನಡುವಿನ ಸಹಜ ವ್ಯತ್ಯಾಸ. ಇದಕ್ಕೆ ಧ್ವನಿಯ ವೇಗವನ್ನು ತುಸು ಬದಲಿಸಿ ಎಂದು ಹಲವರು ಸಲಹೆ ಕೊಡುತ್ತಾರೆ, ಆದರೆ ಲೆಕ್ಕ ಹಾಕಿ ನೋಡಿದರೆ ಅದು ಕೂಡುವುದಿಲ್ಲ. ಶೇಕಡಾ 0.01ರ ಬದಲಾವಣೆ ಗಂಟೆಗೆ 0.36 ಸೆಕೆಂಡು, ಅಂದರೆ 25 ಫ್ರೇಮ್ ದರದಲ್ಲಿ ಒಂಬತ್ತು ಫ್ರೇಮು. ತಂತ್ರಾಂಶದಲ್ಲಿ ವೇಗವನ್ನು ನಮೂದಿಸುವ ಚೌಕ ಎರಡೇ ದಶಮಾಂಶ ಸ್ಥಾನಗಳನ್ನು ಸ್ವೀಕರಿಸುವುದಾದರೆ ನಾಲ್ಕು ಫ್ರೇಮುಗಳ ತಪ್ಪನ್ನು ತಿದ್ದಲು ಹೋಗಿ ಐದು ಫ್ರೇಮುಗಳ ತಪ್ಪು ಇನ್ನೊಂದು ಬದಿಗೆ ಬಂದು ಕೂರುತ್ತದೆ.

ಆದ್ದರಿಂದ ನಾನು ರೆಕಾರ್ಡರಿನ ಧ್ವನಿಯನ್ನು ಆದಿಯಿಂದ ಅಂತ್ಯದವರೆಗೆ ಮುಟ್ಟುವುದಿಲ್ಲ, ದೃಶ್ಯವನ್ನು ಸರಿಸುತ್ತೇನೆ. ಹೇಗಿದ್ದರೂ ಒಂದು ಕೋನದಿಂದ ಇನ್ನೊಂದಕ್ಕೆ ಹೋಗುವ ಕತ್ತರಿ ಅಲ್ಲಲ್ಲಿ ಇದ್ದೇ ಇರುತ್ತದೆ, ಅಂತಹ ಜಾಗದಲ್ಲಿ ಮುಂದಿನ ತುಣುಕನ್ನು ಒಂದು ಫ್ರೇಮು ಜಾರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಭಾಗವತರು ಆಲಾಪದಲ್ಲಿರುವಾಗ ಧ್ವನಿಯನ್ನು ಕತ್ತರಿಸಿದರೆ ಮಾತ್ರ ಹಳ್ಳಿಯ ಹಿರಿಯ ಪ್ರೇಕ್ಷಕರು ಕೂಡಲೇ ಹಿಡಿಯುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಸ್ವಯಂಚಾಲಿತವಾಗಿ ಧ್ವನಿಯ ಅಲೆಗಳನ್ನು ಹೊಂದಿಸುವ ಸೌಲಭ್ಯವನ್ನು ನಂಬಿದರೂ ಹಿಂದಿನ ಸಾಲಿನ ಮೊಬೈಲಿನ ದೃಶ್ಯ ಎರಡು ಫ್ರೇಮು ಮುಂದೆ ಓಡುವುದುಂಟು. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುವುದರಿಂದ 25ರ ದರದಲ್ಲಿ ಪ್ರತಿ 14 ಮೀಟರಿಗೆ ಹತ್ತಿರಹತ್ತಿರ ಒಂದು ಫ್ರೇಮು ತಡ. ಧ್ವನಿವರ್ಧಕದಿಂದ 28 ಮೀಟರು ದೂರವಿದ್ದ ಮೊಬೈಲು ಪೆಟ್ಟನ್ನು ಎರಡು ಫ್ರೇಮು ತಡವಾಗಿ ಕೇಳಿಸಿಕೊಂಡಿರುತ್ತದೆ. ಅದರ ಧ್ವನಿಯನ್ನು ಮಿಕ್ಸರಿನ ಧ್ವನಿಗೆ ಹೊಂದಿಸಿದಾಗ ದೃಶ್ಯ ಅಷ್ಟೇ ಮುಂಚಿತವಾಗುತ್ತದೆ. ಹೊಂದಿಸಿದ ಬಳಿಕ ಆ ತುಣುಕನ್ನು ಎರಡು ಫ್ರೇಮು ತಡವಾಗುವಂತೆ ಸರಿಸುವುದೇ ಪರಿಹಾರ.

ಬೆಳಕಿನ ಮಿನುಗು ಬೇರೆಯೇ ತೊಂದರೆ, ಆದರೆ ಅದರಲ್ಲೂ ಲೆಕ್ಕವೇ ದಾರಿ ತೋರಿಸುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಷಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) 1/50 ಅಥವಾ 1/100 ಸೆಕೆಂಡು ಇದ್ದರೆ ಪ್ರತಿ ಫ್ರೇಮಿನಲ್ಲೂ ಪೂರ್ಣ ಏರಿಳಿತಗಳೇ ಬೀಳುವುದರಿಂದ ಮಿನುಗಿಲ್ಲ. ಹುಡುಗರ ಮೊಬೈಲು 1/60ರಲ್ಲಿ ಹಿಡಿದಿದ್ದರೆ ರಂಗಸ್ಥಳದ ಹಿಂದಿನ ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. 100ನ್ನು ಮೊಬೈಲಿನ ಫ್ರೇಮ್ ದರವಾದ 30ರಿಂದ ಭಾಗಿಸಿದರೆ ಫ್ರೇಮಿಗೆ ಮೂರೂ ಮೂರನೇ ಒಂದು ಏರಿಳಿತ, ಮೂರು ಫ್ರೇಮಿಗೆ ಸರಿಯಾಗಿ ಹತ್ತು. ಅಂದರೆ ಪಟ್ಟಿ ಮೂರು ಫ್ರೇಮುಗಳಿಗೊಮ್ಮೆ ಮೊದಲಿನ ಜಾಗಕ್ಕೆ ಮರಳುತ್ತದೆ. ಹಾಗಾಗಿ ಅದೇ ದೃಶ್ಯವನ್ನು ಮೂರು ಪದರಗಳಲ್ಲಿ ಇಟ್ಟು, ಎರಡನೆಯದನ್ನು ಒಂದು ಫ್ರೇಮು, ಮೂರನೆಯದನ್ನು ಎರಡು ಫ್ರೇಮು ಸರಿಸಿ, ಕೆಳಗಿನಿಂದ ಮೇಲಕ್ಕೆ ಅಪಾರದರ್ಶಕತೆಯನ್ನು 100, 50, 33 ಎಂದು ಕೊಟ್ಟರೆ ಮೂರರ ಸರಾಸರಿಯಲ್ಲಿ ಪಟ್ಟಿಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಇದನ್ನು 30ರ ಸೀಕ್ವೆನ್ಸಿನಲ್ಲಿ ಮಾಡಿ ಮುಗಿಸಿ, ಆಮೇಲೆ 25ರ ಟೈಮ್‌ಲೈನಿಗೆ ತರಬೇಕು. ಮೊದಲೇ ಫ್ರೇಮುಗಳು ಉದುರಿದರೆ ಮೂರರ ಆವರ್ತನೆ ಕೆಡುತ್ತದೆ. ಚಲನೆ ಇರುವಲ್ಲಿ ನೆರಳಿನಂತಹ ಗುರುತು ಉಳಿಯುವುದರಿಂದ ಹಿನ್ನೆಲೆಗೆ ಮತ್ತು ಹಿಮ್ಮೇಳದ ಕಡೆಗೆ ಮಾತ್ರ ಮಾಸ್ಕ್ ಮಾಡಿ (ಆ ಭಾಗವನ್ನಷ್ಟೇ ಆಯ್ದು) ಬಳಸುತ್ತೇನೆ. ಮಂಡಿಕುಣಿತದ ಭಾಗಕ್ಕೆ ಮುಖ್ಯ ಕ್ಯಾಮೆರಾ ಬಿಟ್ಟು ಬೇರೆ ಕೋನ ನನಗೆ ಬೇಡವೇ ಬೇಡ.

ಶೀರ್ಷಿಕೆಗಳಿಗೆ ಹಿನ್ನೆಲೆಯಾಗಿ ಮುಂಜಾವಿನ ಮಂಜಿನ ದೃಶ್ಯವನ್ನು ಬಳಸಬೇಕೆಂಬ ಬೇಡಿಕೆ ಮಲೆನಾಡಿನಲ್ಲಿ ತಪ್ಪಿದ್ದಲ್ಲ. ಎಂಟು ಬಿಟ್ಟಿನ ಚಿತ್ರದಲ್ಲಿ ಒಂದು ಬಣ್ಣಕ್ಕೆ ಇರುವುದು 256 ಹಂತಗಳಷ್ಟೇ, ಮಂಜಿಗೆ ಅವುಗಳಲ್ಲಿ ಕೆಲವೇ ಸಿಗುವುದರಿಂದ ಬಣ್ಣ ತಿದ್ದಿದೊಡನೆ ಗೆರೆಗಳು ಮೂಡುತ್ತವೆ. ಪ್ರಾಜೆಕ್ಟನ್ನು 16 ಬಿಟ್ಟಿಗೆ ಏರಿಸಿ, ಮೇಲೊಂದು ತೆಳುವಾದ ನಾಯ್ಸ್ (ಸಣ್ಣ ಕಾಳುಕಾಳಿನ) ಪದರ ಹಾಕುತ್ತೇನೆ.

ಆ ಮಂಜಿನ ಮೇಲೆ ಕನ್ನಡ ಅಕ್ಷರಗಳು ಚಲಿಸುವಂತೆ ಮಾಡುವಾಗ ಎದುರಾಗುವ ಕಿರಿಕಿರಿ ಎಲ್ಲ ಕನ್ನಡ ಸಂಕಲನಕಾರರಿಗೂ ಗೊತ್ತು. ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ ಒತ್ತು ಪಕ್ಕಕ್ಕೆ ಬಂದು ಕೂತರೆ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ ಪಠ್ಯದ ಆಯ್ಕೆಯನ್ನು ಆಯ್ದು, ಹೊಸ ಪದರದಲ್ಲಿ ಮತ್ತೆ ಟೈಪಿಸುತ್ತೇನೆ. ಆದರೂ ಅಕ್ಷರಕ್ಕೊಂದರಂತೆ ಚಲಿಸುವ ಆನಿಮೇಟರ್ ಹಾಕಿದಾಗ ‘ಹಿಮ್ಮೇಳ’ ಎಂಬ ಪದ ಚೂರಾಗಬಹುದು: ನಮಗೆ ಅಲ್ಲಿ ಮೂರು ಅಕ್ಷರಗಳು, ಯೂನಿಕೋಡಿಗೆ ಏಳು ಸಂಕೇತಗಳು. ಪದವನ್ನೇ ಘಟಕವಾಗಿಸಿ ಚಲಿಸುವಂತೆ ಮಾಡುವುದು ಸುಲಭದ ದಾರಿ. ಅಕ್ಷರವೇ ಒಂದೊಂದಾಗಿ ಬರಬೇಕೆಂದು ಹಟ ಹಿಡಿದರೆ ಪಠ್ಯವನ್ನು ಆಕೃತಿಗಳಾಗಿ ಪರಿವರ್ತಿಸಿ, ಒತ್ತನ್ನೂ ಗುಣಿತದ ಚಿಹ್ನೆಯನ್ನೂ ಅದರದರ ಅಕ್ಷರದೊಡನೆ ಒಂದು ಗುಂಪಿಗೆ ಸೇರಿಸುತ್ತೇನೆ.

ವ್ಯವಸ್ಥಾಪಕರು ಕಲಾವಿದರ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿ ಕಳಿಸಿದ್ದರೆ ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಅಲ್ಲಲ್ಲಿ ಸ್ಥಾನ ತಪ್ಪುತ್ತದೆ. ಆದ್ದರಿಂದ ರೆಂಡರಿಗೆ (ಅಂತಿಮ ವಿಡಿಯೊ ತಯಾರಿಕೆಗೆ) ಹಾಕುವ ಮೊದಲು ಹೆಸರಿನ ಫಲಕಗಳ ಸ್ಥಿರಚಿತ್ರಗಳನ್ನು ಅವರ ಮೊಬೈಲಿಗೆ ಕಳಿಸಿ, ಒಪ್ಪಿಗೆ ಬಂದ ಮೇಲೆಯೇ ಕಡತವನ್ನು ರೆಂಡರಿನ ಸಾಲಿಗೆ ಸೇರಿಸುತ್ತೇನೆ.