ಹಳೇ ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರ್ ಹುಡುಕುವುದು: ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ಮನೆಗಳ ಹಳೇ ಕಂಪ್ಯೂಟರುಗಳು ಆಗಾಗ ನನ್ನ ಹತ್ತಿರ ಬರುತ್ತವೆ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಅಕ್ಷರ ದಪ್ಪ ಕಾಣುತ್ತದೆ, ಯಕ್ಷಗಾನದ ವಿಡಿಯೋ ತಡವರಿಸುತ್ತದೆ. 'ಕಾರ್ಡ್ ಹೋಯ್ತು' ಅಂದುಕೊಂಡು ತರುತ್ತಾರೆ. ಎಷ್ಟೋ ಸಲ ಕಾರ್ಡ್ ಸರಿಯಾಗೇ ಇರುತ್ತದೆ, ಅದನ್ನು ವಿಂಡೋಸ್ ಸರಿಯಾಗಿ ಬಳಸಲು ಬೇಕಾದ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇರುವುದಿಲ್ಲ ಅಷ್ಟೇ.

ಮೊನ್ನೆ ಬಂದ ಕಾರ್ಡನ್ನು ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಡಬ್ಬ ಇಲ್ಲ, ಸಿಡಿ ಇಲ್ಲ, ಮೇಲಿನ ಸ್ಟಿಕ್ಕರ್ ಅಳಿಸಿಹೋಗಿದೆ. ವಿಂಡೋಸಿನ ಡಿವೈಸ್ ಮ್ಯಾನೇಜರ್ ಬರೀ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅನ್ನುತ್ತಿತ್ತು. ಇಂಥ ಕಡೆ ನಾನು ನಂಬುವುದು ಹಾರ್ಡ್‌ವೇರ್ ಐಡಿಯನ್ನು, ಅಂದರೆ ಕಾರ್ಡಿನ ಕಂಪನಿ, ಮಾದರಿ ಹೇಳುವ ಗುರುತಿನ ಸಂಖ್ಯೆಯನ್ನು ಮಾತ್ರ. ಅಡಾಪ್ಟರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿದರೆ ಸಿಗುತ್ತದೆ. 'ವೆನ್' (VEN) ಆದಮೇಲೆ 10ಡಿಇ (10DE) ಇದ್ದರೆ ಎನ್ವಿಡಿಯಾ, 1002 ಇದ್ದರೆ ಎಎಂಡಿ ಅಥವಾ ಹಳೇ ಎಟಿಐ, 8086 ಇದ್ದರೆ ಇಂಟೆಲ್. ಇದರಲ್ಲಿ 10ಡಿಇ, ಮುಂದೆ ಮಾದರಿಯ ಸಂಖ್ಯೆ 0ಎ65 (0A65) ಇತ್ತು. ಅಂದರೆ ಜೀಫೋರ್ಸ್ 210.

ಈ ಕಾರ್ಡಿಗೆ ಎನ್ವಿಡಿಯಾದ ಈಗಿನ ಡ್ರೈವರ್ ನಡೆಯುವುದಿಲ್ಲ. ವಿಂಡೋಸ್ 10ರಲ್ಲಿ 8, 9, 200ರ ಸರಣಿಯ ಕಾರ್ಡುಗಳಿಗೆ ಬಂದ ಕೊನೆಯ ಆವೃತ್ತಿ 342.01, ಅದೂ 2016ರ ಡಿಸೆಂಬರಿನದು. ಹೊಸದು ಬೇಕು ಅಂತ ಸುಮ್ನೆ ಹುಡುಕುತ್ತಾ ಹೋದರೆ 'ನಿಮ್ಮ ಡ್ರೈವರ್ ನಾವೇ ಹುಡುಕಿ ಹಾಕುತ್ತೇವೆ' ಅನ್ನುವ ಪ್ರೋಗ್ರಾಂಗಳು ಎದುರಾಗುತ್ತವೆ. ದಯವಿಟ್ಟು ಅವನ್ನು ಮುಟ್ಟಬೇಡಿ. ಡ್ರೈವರ್ ಸಿಸ್ಟಮ್ಮಿನ ಒಳಗಿನವರೆಗೂ ಕೈ ಹಾಕುವ ಸಾಫ್ಟ್‌ವೇರ್, ಅದನ್ನು ಗುರುತಿಲ್ಲದವರಿಂದ ತೆಗೆದುಕೊಳ್ಳಬಾರದು. ನಾನು ಎನ್ವಿಡಿಯಾ ಸೈಟಿನಲ್ಲೇ ಕಾರ್ಡಿನ ಸರಣಿ ಆರಿಸಿ, 32 ಬಿಟ್ಟೋ 64 ಬಿಟ್ಟೋ ನೋಡಿಕೊಂಡು ಇಳಿಸಿಕೊಂಡೆ. ಸೇಫ್ ಮೋಡಿನಲ್ಲಿ ಡಿಡಿಯು (ಡ್ರೈವರನ್ನು ಪೂರ್ತಿ ಅಳಿಸುವ ಪ್ರೋಗ್ರಾಂ) ಓಡಿಸಿ ಹಳೇ ಡ್ರೈವರಿನ ಚೂರುಗಳನ್ನೂ ತೆಗೆದೆ. ಆಗ ಇಂಟರ್ನೆಟ್ ಕೇಬಲ್ ಕಿತ್ತಿಡುವುದು ಒಳ್ಳೆಯದು, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಮಧ್ಯೆ ಬಂದು ತನ್ನದೊಂದು ಹಾಕಿಬಿಡಬಹುದು. ಇನ್‌ಸ್ಟಾಲ್ ಮಾಡುವಾಗ ಕಸ್ಟಮ್ ಆರಿಸಿ, ಬೇಡದ್ದನ್ನೆಲ್ಲ ಬಿಟ್ಟೆ. ರಿಸ್ಟಾರ್ಟ್ ಆದಮೇಲೆ ಮಾನಿಟರಿನ ಸರಿಯಾದ ರೆಸಲ್ಯೂಷನ್ ಬಂತು.

ಆದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರಿಗೆ ಮುಗಿದಿದೆ, ಇಷ್ಟು ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಟೈಪಿಂಗ್, ಬ್ರೌಸಿಂಗ್ ಇಷ್ಟೇ ಸಾಕು ಅನ್ನುವವರಿಗೆ ಈಗ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇನೆ. ಅದರ ಕರ್ನಲ್‌ನಲ್ಲೇ (ಸಿಸ್ಟಮ್ಮಿನ ತಿರುಳಿನಲ್ಲೇ) ಎನ್ವಿಡಿಯಾ ಕಾರ್ಡುಗಳಿಗೆ ಆಗುವ ನೂವೋ ಡ್ರೈವರ್ ಇರುತ್ತದೆ, ಈ ಕಾರ್ಡಿಗೆ ಬೇರೆ ಏನೂ ಹುಡುಕಬೇಕಾಗಿಲ್ಲ.